ಓದುಗರ ಸ್ಪಂದನ: ಸಾಸಿವೆ ದಿಂಬು ಬೇಡ ಅಂತ ಅತ್ತೆಗೆ ಹೇಗೆ ಹೇಳಲಿ?

ಕಳೆದ ಸಂಚಿಕೆಯ ಸಮಸ್ಯೆ: ಡೊಂಬಿವಲಿಯಲ್ಲಿ ಒಂದು ರೂಮ್ ಕಿಚನ್ ಮನೆ. ಐದು ವಾರದ ಮಗು. ಬಾಣಂತನಕ್ಕೆ ಊರಿಂದ ಬಂದ ಅತ್ತೆ ಮಗುವಿಗೆ ಸಾಸಿವೆ ದಿಂಬು ಇಟ್ಟು, ಕುಲಾವಿ ಕಟ್ಟಿ, ಕೌದಿ ಹೊದಿಸಿ ದೊಡ್ಡವರ ನಡುವೆ ಮಲಗಿಸುತ್ತಾರೆ. ಡಾಕ್ಟರು ಬೇಡ ಅಂದಿದ್ದಾರೆ. “ನಾಲ್ಕು ಮಕ್ಕಳನ್ನು ಹೀಗೇ ಸಾಕಿದೀನಿ” ಅನ್ನುತ್ತಾರೆ ಅತ್ತೆ.

ನೋಡಮ್ಮಾ, ನಾನೂ ಒಬ್ಬ ಅತ್ತೆಯೇ. ಮೊಮ್ಮಗ ಹುಟ್ಟುವ ಮೊದಲೇ ಹಳೇ ಸೀರೆಯ ಸೆರಗು ಕತ್ತರಿಸಿ ಸಾಸಿವೆ ದಿಂಬು ಹೊಲಿದಿಟ್ಟಿದ್ದೆ, ತಲೆ ದುಂಡಗಾಗಲಿ ಅಂತ. ಸೊಸೆ ಅದನ್ನು ಕಪಾಟಿಗೆ ಸೇರಿಸಿದಾಗ ನನಗೆ ನೋವಾಯಿತು, ಸುಳ್ಳು ಹೇಳಲ್ಲ. ಎರಡು ದಿನ ಮಾತು ಕಮ್ಮಿ ಮಾಡಿದೆ.

ಲಸಿಕೆಯ ದಿನ ಅವಳು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ನಾನೇ ಡಾಕ್ಟರನ್ನು ಕೇಳಿದೆ: ಅಂಗಾತ ಮಲಗಿದ ಮಗು ಹಾಲು ಕಕ್ಕಿದರೆ ನೆತ್ತಿಗೇರಲ್ವಾ? ಅವರು ಚೀಟಿಯ ಹಿಂದೆ ಎರಡು ಗೆರೆ ಎಳೆದರು. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಎಲ್ಲ ಉಲ್ಟಾ, ಹಾಲು ಆ ಕೊಳವೆಯ ಬಾಯಿಗೇ ಇಳಿಯಬಹುದು. ಆ ಎರಡು ಗೆರೆ ನೋಡಿದ ಮೇಲೆ ನನಗೆ ಇನ್ಯಾರೂ ಹೇಳಬೇಕಾಗಲಿಲ್ಲ.

ದಿಂಬಿನ ಮೇಲೆ ಮಗುವಿನ ಕತ್ತು ಮುಂದಕ್ಕೆ ಬಾಗಬಹುದು, ಮುಖ ಹೊರಳಿದರೆ ಮೂಗು ಅದರಲ್ಲೇ ಹುದುಗಬಹುದು. ತಲೆಯ ಆಕಾರಕ್ಕೆ ಬೇರೆ ದಾರಿ ಇದೆ. ಮಗು ಎಚ್ಚರ ಇದ್ದಾಗ, ನಾವು ಎದುರಿಗೇ ಕೂತು, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಬೋರಲು ಹಾಕುವುದು. ಆ ಕೆಲಸವನ್ನು ಸೊಸೆ ನನಗೇ ವಹಿಸಿದಳು. ನೀನೂ ಅತ್ತೆಯ ಕೈಯಿಂದ ದಿಂಬು ತೆಗೆದುಕೊಂಡರೆ ಆ ಕೈಗೆ ಬೇರೆ ಏನಾದರೂ ಕೊಡು. ನನ್ನ ದಿಂಬು ಬಿಚ್ಚಿ ಸಾಸಿವೆಯನ್ನು ಬಾಲ್ಕನಿಯ ಕುಂಡದಲ್ಲಿ ಚೆಲ್ಲಿದೆ. ಒಳ್ಳೆ ಸೊಪ್ಪು ಬಂತು.
– ಒಬ್ಬ ಅಜ್ಜಿ, ಕೋಥ್ರೂಡ್, ಪುಣೆ

ನಾನು ಹೆರಿಗೆ ವಾರ್ಡಿನ ನರ್ಸ್. “ನಾವೂ ಹೀಗೇ ಸಾಕಿದ್ವಿ” ಅನ್ನುವ ಮಾತು ದಿನಾ ಕೇಳುತ್ತೇನೆ. ಅದು ನಿಜವೇ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಯಾವ ಮಗುವಿಗೆ ಆಗುತ್ತೆ ಅಂತ ಮೊದಲೇ ಗೊತ್ತಾಗಲ್ಲ, ಅದಕ್ಕೇ ಎಲ್ಲರಿಗೂ ಹೇಳುತ್ತೇವೆ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅನ್ನುವ ಪ್ರಚಾರ ಶುರುವಾಯಿತು. ಕೆಲವೇ ವರ್ಷಗಳಲ್ಲಿ, ಕಾರಣ ತಿಳಿಯದೆ ನಿದ್ದೆಯಲ್ಲೇ ಸಾಯುವ ಕೂಸುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. 2ರಿಂದ 4 ತಿಂಗಳ ನಡುವೆ ಈ ಅಪಾಯ ಜಾಸ್ತಿ. ನಿಮ್ಮ ಮಗುವಿಗೆ ಆ ದಿನಗಳು ಇನ್ನು ಬರಬೇಕಷ್ಟೆ.

ಒಂದೇ ರೂಮು ಅಂತ ಬೇಸರ ಬೇಡ. ಮಗು ತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ, ಕನಿಷ್ಠ 6 ತಿಂಗಳು ಮಲಗಬೇಕು. ನಿಮ್ಮ ಗಾದಿಯ ಪಕ್ಕದಲ್ಲೇ ಕೈಗೆಟುಕುವ ಹಾಗೆ ಗಟ್ಟಿಯಾದ ತೆಳು ಗಾದಿ ಹಾಸಿ, ಚಾದರವನ್ನು ಬಿಗಿಯಾಗಿ ಎಳೆದು ಸಿಕ್ಕಿಸಿ. ಅಂಗೈ ಒತ್ತಿ ನೋಡಿ, ಗುಳಿ ಬಿದ್ದು ಹಾಗೇ ಉಳಿದರೆ ಆ ಗಾದಿ ಬೇಡ. ಮೇಲೆ ಮಗು ಬಿಟ್ಟು ಬೇರೇನೂ ಇರಬಾರದು. ರಾತ್ರಿ ಸೋಫಾದಲ್ಲಿ ಕೂತು ಹಾಲು ಕೊಡಬೇಡಿ. ಅಲ್ಲಿ ಕಣ್ಣು ಹತ್ತಿದರೆ ಮಗು ಸಂದಿಗೆ ಜಾರುತ್ತೆ. ಹಾಸಿಗೆಯಲ್ಲೇ ನಿದ್ದೆ ಬಂದುಬಿಟ್ಟರೆ ತಪ್ಪು ಮಾಡಿದೆ ಅಂತ ಅಳಬೇಡಿ, ಎಚ್ಚರವಾದ ತಕ್ಷಣ ಮಗುವನ್ನು ಅದರ ಜಾಗಕ್ಕೆ ಮಲಗಿಸಿ.

ಮುಂಬಯಿ ಸೆಕೆಗೆ ಕುಲಾವಿ ಯಾಕೆ? ತೆಳು ಹತ್ತಿ ಅಂಗಿ ಸಾಕು. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂದೆ ಬೆರಳಿಟ್ಟು ನೋಡಿ. ಬೆವರಿದ್ದರೆ ಬಟ್ಟೆ ಜಾಸ್ತಿಯಾಯಿತು ಅಂತ. ಮಲಗಿಸುವಾಗ ಕೊರಳಿನ ಕರಿದಾರ ತೆಗೆಯಿರಿ. ಬೀಡಿ, ಸಿಗರೇಟು, ಧೂಪ ಯಾವ ಹೊಗೆಯೂ ಆ ಕೋಣೆಗೆ ಬೇಡವೇ ಬೇಡ.
– ನರ್ಸ್, ಮುಲುಂಡ್, ಮುಂಬಯಿ

ಅಕ್ಕಾ, ಪತ್ರದಲ್ಲಿ ನಿಮ್ಮ ಯಜಮಾನರ ಸುದ್ದಿಯೇ ಇಲ್ಲ. ಇದನ್ನು ಹೇಳಬೇಕಾದವನು ಮಗ. ನಮ್ಮನೇಲಿ ರಾತ್ರಿ ಊಟ ಆದ ಮೇಲೆ, ಹೆಂಡತಿ ಇಲ್ಲದಾಗ ನಾನೇ ಹೇಳಿದೆ: “ಅವ್ವಾ, ನೀ ಹೊಲಿದ ಕೌದಿ ನೆಲಕ್ಕೆ ಹಾಸೋಣ, ಕೂಸು ಎಚ್ಚರಿದ್ದಾಗ ಅದರ ಮ್ಯಾಲೆ ಆಡಲಿ.” ಅವ್ವ ಏನೂ ಅನ್ನಲಿಲ್ಲ. ಮರುದಿನ ಮಧ್ಯಾಹ್ನ ಪಕ್ಕದ ಮನೆಯವರು ಬಂದು ನಿದ್ದೆ ಹತ್ತಿದ ಕೂಸನ್ನು ಬೋರಲು ಹಾಕಿದರು. ಅವ್ವ ಎದ್ದು ಹೋಗಿ, ತಲೆಗೆ ಕೈ ಕೊಟ್ಟು, ಮೆಲ್ಲಗೆ ಅಂಗಾತ ಹೊರಳಿಸಿದಳು.
– ಒಬ್ಬ ತಂದೆ, ವಾಸ್ಕೋ, ಗೋವಾ