15 ನಿಮಿಷದ ಸೆಮಿನಾರ್: ಮಾತನ್ನು ಹೇಗೆ ಜೋಡಿಸಬೇಕು? ನಿಮ್ಮ ಅನುಭವ ಹೇಳಿ

ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ನನ್ನೂರು ಹಿರಿಯೂರು. ದಾವಣಗೆರೆಯಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ವಿಭಾಗದಲ್ಲಿ ಸೆಮಿನಾರ್ ಇದೆ. ವಿಷಯ ನಾನೇ ಆರಿಸಿಕೊಂಡೆ: ವಾಣಿವಿಲಾಸ ಸಾಗರ, ಅಂದರೆ ನಮ್ಮೂರಿನ ಹತ್ತಿರದ ಮಾರಿಕಣಿವೆ ಜಲಾಶಯ. ಮಾತಿಗೆ 15 ನಿಮಿಷ, ಪ್ರಶ್ನೆಗೆ 5 ನಿಮಿಷ. ಮಾಹಿತಿ ಬೇಕಾದಷ್ಟಿದೆ. ಅಣೆಕಟ್ಟು ಕಟ್ಟಿದ ಕತೆ, ವೇದಾವತಿ ನದಿ, ಕಾಲುವೆ, ತೋಟಗಳು, ಭದ್ರಾ ಹೊಳೆಯಿಂದ ಇದಕ್ಕೆ ತರುವ ನೀರು, ಪ್ರವಾಸ ಎಲ್ಲ ಸೇರಿ ಸ್ಲೈಡ್ 30 ದಾಟಿದೆ. ಓದುತ್ತಾ ಹೋದರೆ ಎಲ್ಲವೂ ಮುಖ್ಯ ಅನಿಸುತ್ತದೆ. ಎಲ್ಲಿ ಶುರು ಮಾಡಲಿ, ಯಾವುದನ್ನು ಬಿಡಲಿ, ಹೇಗೆ ಮುಗಿಸಲಿ? ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ನೋಡಮ್ಮ, ಒಳ್ಳೆಯ ವಿಷಯ ಹಿಡಿದಿದ್ದೀಯ. ಸ್ಲೈಡ್ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡು. ಒಂದು ಹಾಳೆ ತಗೊಂಡು ಒಂದೇ ವಾಕ್ಯ ಬರಿ. ನಿನ್ನ ಮಾತು ಕೇಳಿ ಹೊರಗೆ ಬಂದವರನ್ನು ಯಾರಾದರೂ 'ಏನು ಹೇಳಿದಳು?' ಅಂತ ಕೇಳಿದರೆ ಅವರು ಕೊಡುವ ಉತ್ತರ ಅದು. 'ಮಾರಿಕಣಿವೆ ಬಗ್ಗೆ ಹೇಳಿದಳು' ಅಂದರೆ ಅದು ತಲೆಬರಹ ಅಷ್ಟೇ. 'ಅಣೆಕಟ್ಟು 1907ಕ್ಕೇ ಕಟ್ಟಿ ಮುಗಿಸಿದರು, ಆದರೆ ಅದಕ್ಕೆ ನೀರು ಹೊಂದಿಸೋ ಕೆಲಸ ನೂರು ವರ್ಷ ಕಳೆದರೂ ಮುಗಿದಿರಲಿಲ್ಲ ಅಂತೆ' ಅಂದರೆ ನಿನ್ನ ಮಾತು ತಲುಪಿತು ಅಂತ ಅರ್ಥ. ಈ ವಾಕ್ಯವೇ ಆಗಬೇಕು ಅಂತ ಇಲ್ಲ, ನಿನ್ನದು ಬೇರೆ ಇರಬಹುದು. ಆದರೆ ಒಂದೇ ಇರಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಓದುವವನು ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಾನೆ. ಕೇಳುವವನಿಗೆ ಆ ಅನುಕೂಲ ಇಲ್ಲ. ಒಂದು ಕ್ಷಣ ಗಮನ ಆಚೆ ಹೋದರೆ ಆ ಮಾತು ಹೋಯಿತು. ಪ್ರಬಂಧ ಬರೆಯುವ ಕ್ರಮದಲ್ಲೇ ಮಾತಾಡಿದರೆ ಯಾರ ತಲೆಯಲ್ಲೂ ಏನೂ ಉಳಿಯದೇ ಇರುವುದು ಅದಕ್ಕೇ. ಬರಹದಲ್ಲಿ ಹತ್ತು ಅಂಶ ಇಡಬಹುದು. 15 ನಿಮಿಷದ ಮಾತಿನಲ್ಲಿ ಮೂರು ಸಾಕು.

ಆ ವಾಕ್ಯ ಸಿಕ್ಕಮೇಲೆ ನಿನ್ನ ಸ್ಲೈಡ್‌ಗಳನ್ನು ಒಂದೊಂದಾಗಿ ನೋಡು. ಈ ಸ್ಲೈಡ್ ಇಲ್ಲದಿದ್ದರೆ ಆ ವಾಕ್ಯಕ್ಕೆ ಬಲ ಕಡಿಮೆ ಆಗುತ್ತಾ? ಆಗದಿದ್ದರೆ ತೆಗಿ. ಪ್ರವಾಸದ ಭಾಗ ಪೂರ್ತಿ ಹೋಗುತ್ತದೆ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು ಅನ್ನುವುದು ಒಂದೇ ಸಾಲಿನಲ್ಲಿ ಬರಲಿ. ಅವರ ಜೀವನ ಚರಿತ್ರೆ ಬೇಡ. ಕಷ್ಟಪಟ್ಟು ಹುಡುಕಿದ್ದನ್ನು ಬಿಡೋದು ಸಂಕಟ, ನನಗೆ ಗೊತ್ತು. ಬಿಟ್ಟದ್ದು ದಂಡ ಆಗಲ್ಲ, ಪ್ರಶ್ನೆ ಕೇಳಿದಾಗ ಕೈಗೆ ಬರುತ್ತದೆ.

ಉಳಿದದ್ದನ್ನು ಒಂದರ ಹಿಂದೆ ಒಂದು ಬರುವ ಮೂರು ಪ್ರಶ್ನೆಗಳಾಗಿ ಜೋಡಿಸು. ಇಲ್ಲಿ ಯಾಕೆ ಕಟ್ಟಿದರು? ಕಟ್ಟಿದ ಮೇಲೆ ಯಾಕೆ ಮತ್ತೆ ಮತ್ತೆ ತುಂಬಲಿಲ್ಲ? ಅದು ತುಂಬಿದ 2022ರ ಹೊತ್ತಿಗೆ ಏನು ಬದಲಾಗಿತ್ತು? ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದು ಕೇಳುವವರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. 'ಭೌಗೋಳಿಕ ಹಿನ್ನೆಲೆ, ಐತಿಹಾಸಿಕ ಹಿನ್ನೆಲೆ, ಆರ್ಥಿಕ ಪರಿಣಾಮ' ಅಂತ ಖಾನೆ ಹಾಕಿದರೆ ಹಾಗೆ ಆಗಲ್ಲ. ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಕಾರಣವೇ ಇರುವುದಿಲ್ಲ.

ಸಮಯವನ್ನು ಸಮನಾಗಿ ಹಂಚಬೇಡ. ಶುರುವಿಗೆ ಒಂದೂವರೆ ನಿಮಿಷ, ಮೊದಲ ಭಾಗಕ್ಕೆ ಮೂರು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಮೂರೂವರೆ, ಮುಗಿಸೋದಕ್ಕೆ ಒಂದು. ಒಟ್ಟು 14 ಆಯಿತು. ಉಳಿದ ಒಂದು ನಿಮಿಷ ಮೈಕ್ ಸರಿ ಮಾಡುವುದಕ್ಕೆ, ಕೆಮ್ಮುವುದಕ್ಕೆ. ಎರಡನೆಯದಕ್ಕೆ ಜಾಸ್ತಿ ಕೊಟ್ಟಿದ್ದು ಯಾಕೆಂದರೆ ನಿನ್ನ ವಾದದ ಭಾರ ಅಲ್ಲೇ ಇದೆ. ವೇದಾ, ಅವತಿ ಅನ್ನುವ ಎರಡು ಹೊಳೆ ಚಿಕ್ಕಮಗಳೂರಿನ ಗುಡ್ಡಗಳಿಂದ ಇಳಿದು ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಆ ಹೊಳೆ ನಮ್ಮ ಕಡೆಗೆ ಬರುವಷ್ಟರಲ್ಲಿ ಮಳೆ ನೆರಳಿನ ಸೀಮೆ, ಅಂದರೆ ಗುಡ್ಡಗಳ ಮರೆಯಲ್ಲಿ ಮಳೆ ಕಡಿಮೆ ಬೀಳುವ ಸೀಮೆ, ಶುರುವಾಗಿರುತ್ತದೆ. ಇದಕ್ಕೆ ಒಂದು ನಕ್ಷೆ ಬೇಕು, ನಿಧಾನ ಬೇಕು.

ಶೇಂಗಾ ರೈತರಿಗೆ ತರಬೇತಿ ಕೊಡುವವ, ಚಳ್ಳಕೆರೆ

ಸರ್ ಹೇಳಿದ್ದು ಸರಿ. ನಾನು ಒಂದು ವಿಷಯ ಸೇರಿಸ್ತೀನಿ. ಮಾತಿನ ನಡುವೆ ಈಗ ಎಲ್ಲಿದ್ದೇವೆ ಅಂತ ಆಗಾಗ ಹೇಳಬೇಕು ತಂಗಿ.

ನಾನು ಮಾತಾಡೋದು ಊರ ದೇವಸ್ಥಾನದ ಕಟ್ಟೆ ಮೇಲೆ. ಒಬ್ಬರು ಎದ್ದು ಹೋಗ್ತಾರೆ, ಇನ್ನಿಬ್ಬರು ಬಂದು ಕೂರ್ತಾರೆ. ಅಲ್ಲಿ ಶುರುವಿಗೇ ಹೇಳಿಬಿಡ್ತೀನಿ: 'ಇವತ್ತು ಮೂರೇ ಮಾತು. ಬೀಜೋಪಚಾರ, ಜಿಪ್ಸಂ, ಕೀಳೋ ಹೊತ್ತು.' ಬೀಜದ ಮಾತು ಮುಗಿದ ಮೇಲೆ ಸುಮ್ನೆ ಮುಂದಕ್ಕೆ ಹೋಗಲ್ಲ. 'ಬೀಜೋಪಚಾರ ಮಾಡಿದ್ದಕ್ಕೆ ಮೊಳಕೆ ಚೆನ್ನಾಗಿ ಬಂತು. ಗಿಡ ಬಂದರೆ ಸಾಕಾ? ಒಳಗೆ ಕಾಯಿ ತುಂಬಬೇಕಲ್ವಾ? ಅದಕ್ಕೆ ಕ್ಯಾಲ್ಸಿಯಂ ಬೇಕು, ಅದು ಜಿಪ್ಸಂನಲ್ಲಿದೆ' ಅಂತ ದಾಟಿಸ್ತೀನಿ. ಈಗ ತಾನೇ ಬಂದು ಕೂತವನಿಗೂ ಹಿಂದೆ ಏನಾಯ್ತು, ಮುಂದೆ ಏನು ಬರುತ್ತೆ ಅಂತ ಗೊತ್ತಾಗುತ್ತೆ. ಸೆಮಿನಾರ್ ಹಾಲ್‌ನಲ್ಲಿ ಯಾರೂ ಎದ್ದು ಹೋಗಲ್ಲ. ಆದರೆ ಮನಸ್ಸು ಎದ್ದು ಹೋಗಿ ಬರುತ್ತಲೇ ಇರುತ್ತೆ. ವಾಪಸ್ ಬಂದವರು ಹತ್ತೋದಕ್ಕೆ ಒಂದು ಜಾಗ ಇರಲಿ.

ಅಂಕಿ ಹೇಳೋವಾಗ ಹುಷಾರು. '30 ಟಿಎಂಸಿ ಸಾಮರ್ಥ್ಯ' ಅಂತ ಹೇಳಿ ಮುಂದೆ ಹೋದರೆ ಅರ್ಧ ಜನಕ್ಕೆ ಏನೂ ಗೊತ್ತಾಗಲ್ಲ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು ಅಂತ ಹೇಳಿ, ಒಂದು ಉಸಿರು ನಿಲ್ಲಿಸಿ, ಆಮೇಲೆ ಮುಂದೆ ಹೋಗಿ. ಒಂದು ಭಾಗಕ್ಕೆ ಒಂದು ಅಂಕಿ ಸಾಕು. ನಾನು ಎಕರೆಗೆ ಎಷ್ಟು ಕೆ.ಜಿ. ಅನ್ನೋದನ್ನ ಬೇಕಂತಲೇ ಎರಡು ಸಲ ಹೇಳ್ತೀನಿ. ಬರಹದಲ್ಲಿ ಎರಡು ಸಲ ಬಂದರೆ ಬೇಜಾರು. ಮಾತಲ್ಲಿ ಹಾಗಿಲ್ಲ.

ಹೈಸ್ಕೂಲ್ ಕನ್ನಡ ಶಿಕ್ಷಕಿ, ಹೊನ್ನಾಳಿ

ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವಳು ನಾನು. ಶುರುವಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ಕಡೆ 'ವೇದಿಕೆಯ ಮೇಲೆ ಆಸೀನರಾಗಿರುವ' ಅಂತ ಶುರುವಾದರೆ ಎಲ್ಲರ ಹೆಸರು ಮುಗಿಯುವ ಹೊತ್ತಿಗೆ ಒಂದು ನಿಮಿಷ ಹೋಗಿರುತ್ತದೆ. ಆಮೇಲೆ 'ನಾನು ಇಂದು ಆಯ್ದುಕೊಂಡಿರುವ ವಿಷಯ' ಅನ್ನುವುದಕ್ಕೆ ಇನ್ನಷ್ಟು. ಕೇಳುವವರು ಕಿವಿ ತೆರೆದು ಕೂತಿರುವ ಹೊತ್ತು ಅದೇ. ಆ ಹೊತ್ತನ್ನು ಕಳೆದುಕೊಳ್ಳಬಾರದು. 'ಎಲ್ಲರಿಗೂ ನಮಸ್ಕಾರ' ಅಂದು ಒಂದು ಕ್ಷಣ ಸುಮ್ಮನೆ ನಿಂತು, ನೇರವಾಗಿ ವಿಷಯಕ್ಕೆ ಬಾಮ್ಮ. ನಿನ್ನ ಹತ್ತಿರ ಚಿನ್ನದಂಥ ಶುರು ಇದೆ: 'ಮಾರಿಕಣಿವೆ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ.' ಇಷ್ಟು ಹೇಳಿ ಸಭೆಯನ್ನು ನೋಡು. ಹಿರಿಯೂರಿನವಳು ಹೇಳುತ್ತಿದ್ದಾಳೆ ಅಂದಮೇಲೆ ಅದಕ್ಕೆ ಇನ್ನೂ ತೂಕ ಬರುತ್ತದೆ.

ಮೊದಲ ನಾಲ್ಕು ವಾಕ್ಯ, ಕೊನೆಯ ಮೂರು ವಾಕ್ಯ ಬಾಯಿಪಾಠ ಇರಲಿ. ನಡುವಿನದನ್ನು ಬಾಯಿಪಾಠ ಮಾಡಬೇಡ. ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಕೈಯಲ್ಲಿ ಒಂದು ಸಣ್ಣ ಕಾರ್ಡ್ ಇಟ್ಟುಕೊಂಡು ಭಾಗಕ್ಕೆ ಎರಡೋ ಮೂರೋ ಪದ ಬರೆದುಕೊ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಮೇಡಂ, ಅಧ್ಯಕ್ಷತೆ ವಹಿಸಿದ ಹಿರಿಯರನ್ನು ಹೆಸರಿಸದಿದ್ದರೆ ನಮ್ಮ ಕಡೆ ಅದು ಮರ್ಯಾದೆ ಅಲ್ಲ. ವಿಭಾಗದ ಮುಖ್ಯಸ್ಥರು ಕೂತಿರುತ್ತಾರೆ. 'ಅಧ್ಯಕ್ಷರೇ, ಗುರುಗಳೇ, ಗೆಳೆಯರೇ' ಅಂತ ಒಂದೇ ಉಸಿರಿನಲ್ಲಿ ಮುಗಿಸಲಿ. ಅದರ ಹಿಂದೆಯೇ ನೀವು ಹೇಳಿದ 1933 ಬರಲಿ.

ಇಂಜಿನಿಯರ್, ದಾವಣಗೆರೆ

ಸ್ಲೈಡ್ ಬಗ್ಗೆ ಯಾರೂ ಹೇಳಲಿಲ್ಲ. 15 ನಿಮಿಷಕ್ಕೆ ಹತ್ತರಿಂದ ಹನ್ನೆರಡು ಸಾಕು. ಪ್ರತಿ ಸ್ಲೈಡ್‌ನ ತಲೆಯ ಮೇಲೆ 'ಮಳೆ ಪ್ರಮಾಣ' ಅಂತ ಬರೀ ಹೆಸರು ಹಾಕಬೇಡಿ. 'ಹೊಳೆ ಬರುವ ದಾರಿಯಲ್ಲೇ ಮಳೆ ಕಡಿಮೆಯಾಗುತ್ತದೆ' ಅಂತ ಪೂರ್ತಿ ವಾಕ್ಯ ಹಾಕಿ. ಕೆಳಗೆ ಅದಕ್ಕೆ ಸಾಕ್ಷಿಯಾಗಿ ಒಂದು ನಕ್ಷೆಯೋ ಚಿತ್ರವೋ ಇರಲಿ. ತಲೆಬರಹಗಳನ್ನು ಮಾತ್ರ ಒಂದಾದ ಮೇಲೆ ಒಂದು ಓದಿ ನೋಡಿ. ನಿಮ್ಮ ವಾದ ಪೂರ್ತಿ ಕೇಳಿಸಬೇಕು. ಕೇಳಿಸದಿದ್ದರೆ ಜೋಡಣೆಯಲ್ಲೇ ತೊಂದರೆ ಇದೆ, ಸ್ಲೈಡ್‌ನ ಬಣ್ಣ ಬದಲಾಯಿಸಿ ಪ್ರಯೋಜನ ಇಲ್ಲ.

ಮಾತನ್ನು ಬಿಗಿ ಮಾಡೋದಕ್ಕೆ ಒಂದು ಅಭ್ಯಾಸ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಮೂರು ನಿಮಿಷದ ಪ್ರಬಂಧ ಅನ್ನುವ ಸ್ಪರ್ಧೆ ಶುರು ಮಾಡಿತು. ಪಿಎಚ್.ಡಿ. ಮಾಡುವವರು ವರ್ಷಗಟ್ಟಲೆ ಮಾಡಿದ ಕೆಲಸವನ್ನು ಒಂದೇ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷದಲ್ಲಿ ಹೇಳಬೇಕು. ನೀವೂ ಮೊದಲು ನಿಮ್ಮ ಮಾತನ್ನು ಮೂರು ನಿಮಿಷದಲ್ಲಿ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಅದರಲ್ಲಿ ಉಳಿದದ್ದೇ ನಿಮ್ಮ ಮಾತಿನ ಬೆನ್ನೆಲುಬು. ಅದರ ಮೇಲೆ 15 ನಿಮಿಷ ಕಟ್ಟಿ. 30 ಸ್ಲೈಡ್‌ನಿಂದ ಕಡಿಮೆ ಮಾಡುತ್ತಾ ಬರುವುದಕ್ಕಿಂತ ಇದು ಸುಲಭ. ಅಭ್ಯಾಸ ಮಾಡುವಾಗ ಬಾಯಿಬಿಟ್ಟು, ನಿಂತು ಮಾಡಿ. ಮನಸ್ಸಿನಲ್ಲಿ ಓದಿಕೊಂಡರೆ ಬೇಗ ಮುಗಿಯುತ್ತದೆ, ಆ ಲೆಕ್ಕ ನಂಬಬೇಡಿ.

ಇನ್ನೊಂದು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಕಾಣಲ್ಲ. ಯೂನಿಕೋಡ್‌ನಲ್ಲಿ ಮಾಡಿ, ಪಿಡಿಎಫ್ ಕೂಡ ಪೆನ್‌ಡ್ರೈವ್‌ನಲ್ಲಿರಲಿ. ಕರೆಂಟ್ ಹೋದರೂ ಮಾತು ನಿಲ್ಲದ ಹಾಗೆ ನಕ್ಷೆಯ ಒಂದು ದೊಡ್ಡ ಪ್ರಿಂಟ್ ಜೊತೆಗಿಟ್ಟುಕೊಳ್ಳಿ.

ಬ್ಯಾಂಕ್ ಉದ್ಯೋಗಿ, ಹರಿಹರ

ಪ್ರಶ್ನೆಯ 5 ನಿಮಿಷಕ್ಕೂ ತಯಾರಿ ಬೇಕು. ನಿಮ್ಮ ವಾದದಲ್ಲಿ ಎಲ್ಲಿ ಹಿಡಿಯಬಹುದು ಅಂತ ನೀವೇ ಮೊದಲು ಹುಡುಕಿ. 'ಭದ್ರಾ ನೀರಿನಿಂದ ತುಂಬಿತು' ಅಂತ ನೀವು ಹೇಳಿದರೆ, '2022ರಲ್ಲಿ ಮಳೆಯೂ ಜೋರಾಗಿತ್ತಲ್ಲ?' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದನ್ನು ಅವರು ಕೇಳುವ ಮೊದಲೇ ಮಾತಿನೊಳಗೆ ನೀವೇ ಹೇಳಿಬಿಡಿ. ಆಗ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ. ಗೊತ್ತಿಲ್ಲದ ಪ್ರಶ್ನೆ ಬಂದರೆ 'ಇದನ್ನು ನಾನು ನೋಡಿಲ್ಲ, ನೋಡಿ ಹೇಳುತ್ತೇನೆ' ಅಂದರೆ ಸಾಕು.

'ಧನ್ಯವಾದಗಳು' ಅಂತ ಹೂವಿನ ಚಿತ್ರ ಇರುವ ಕೊನೆಯ ಸ್ಲೈಡ್ ಬೇಡ. ಪ್ರಶ್ನೆ ನಡೆಯುವಷ್ಟು ಹೊತ್ತೂ ಪರದೆ ಮೇಲೆ ನಿಮ್ಮ ಆ ಒಂದು ವಾಕ್ಯ ಮತ್ತು ನಕ್ಷೆ ಇರಲಿ. ಧನ್ಯವಾದ ಬಾಯಲ್ಲಿ ಹೇಳಿ.

ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಮತ್ತೆ ಜೋಡಿಸಿದೆ. ಹೀಗಿದೆ:

ನಮಸ್ಕಾರ ಆದಮೇಲೆ 1933, 2022, 89 ವರ್ಷ. ಅದರ ಹಿಂದೆಯೇ ಸರ್ ಹೇಳಿದ ವಾಕ್ಯ, ಮೂರು ಪ್ರಶ್ನೆ. ಮೊದಲ ಭಾಗದಲ್ಲಿ ಬರಗಾಲದ ಸೀಮೆ, ಮೈಸೂರು ಸಂಸ್ಥಾನದ ತೀರ್ಮಾನ, ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆ. ಎರಡನೆಯದರಲ್ಲಿ ನದಿಯ ದಾರಿ, ಮಳೆ, ಹೊಳೆಯ ಮೇಲ್ಭಾಗದಲ್ಲೇ ನೀರು ಹಿಡಿದಿಡುವ ಕೆರೆಗಳು, ಜೊತೆಗೆ 130 ಅಡಿಯ ಪೂರ್ಣ ಮಟ್ಟ ಮುಟ್ಟದೇ ಹೋದ ವರ್ಷಗಳು, ಅಚ್ಚುಕಟ್ಟಿನ (ಕಾಲುವೆ ನೀರು ಸಿಗುವ ಜಮೀನಿನ) ರೈತರ ಪಾಡು, ಕಾಲುವೆ ಇತಿಹಾಸ. ಮೂರನೆಯದರಲ್ಲಿ ಭದ್ರಾ ಮೇಲ್ದಂಡೆ ಯೋಜನೆ, ಆ ವರ್ಷದ ಮಳೆ, 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಿದ್ದು. ಕೊನೆಗೆ ಅದೇ ವಾಕ್ಯ. ಮೂರು ನಿಮಿಷದಲ್ಲಿ ಹೇಳಿ ರೆಕಾರ್ಡ್ ಮಾಡಿದೆ. ಅಮ್ಮನಿಗೆ ಫೋನ್‌ನಲ್ಲಿ ಕೇಳಿಸಿದೆ, ಅವರು ಆ ವಾಕ್ಯವನ್ನೇ ತಿರುಗಿಸಿ ನನಗೆ ಹೇಳಿದರು.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಅಮ್ಮ ಹೇಳಿದರು ಅಂದರೆ ಜೋಡಣೆ ಕೂತಿದೆ. ಎರಡನೆಯ ಭಾಗ ಮಾತ್ರ ಇನ್ನೂ ಭಾರ ಇದೆ. ಆರು ಅಂಶ ತುಂಬಿದ್ದೀಯ. ಕಾಲುವೆ ಇತಿಹಾಸ ತೆಗಿ. ನದಿಯ ದಾರಿ, ಮಳೆ, ಕೆರೆಗಳು ಮೂರೂ ಒಂದೇ ನಕ್ಷೆಯಲ್ಲಿ ಹೇಳಬಹುದು. ಆಮೇಲೆ ನೀರಿನ ಮಟ್ಟ. ಕೊನೆಗೆ ರೈತರ ಪಾಡು, ಅದನ್ನು ಒಂದು ಊರಿನ ಉದಾಹರಣೆಯಲ್ಲಿ ಹೇಳು. ನಿನಗೆ ಗೊತ್ತಿರುವ ಊರೇ ಆಗಲಿ.

ಎರಡರಿಂದ ಮೂರಕ್ಕೆ ದಾಟುವ ವಾಕ್ಯ ಬರೆದಿದ್ದೀಯಾ? ಚಳ್ಳಕೆರೆಯವರು ಹೇಳಿದ್ದು ಅದನ್ನೇ.

ಎಂ.ಎ. ವಿದ್ಯಾರ್ಥಿನಿ, ದಾವಣಗೆರೆ

ಈಗ ಬರೆದೆ ಸರ್. 'ವೇದಾವತಿ ಒಂದನ್ನೇ ನಂಬಿದರೆ ಈ ಜಲಾಶಯ ತುಂಬುವುದು ಅಪರೂಪ ಅಂತ ಆ 89 ವರ್ಷ ತೋರಿಸಿಕೊಟ್ಟವು. ಹಾಗಾದರೆ ಇನ್ನೊಂದು ಹೊಳೆಯ ನೀರು ಬೇಕಿತ್ತು. ಆ ಹೊಳೆ ಭದ್ರಾ.' ಇಷ್ಟು ಸಾಕಾ?

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಸಾಕಮ್ಮ. 'ಆ ಹೊಳೆ' ಅಂದ ಮೇಲೆ ಸ್ವಲ್ಪ ನಿಲ್ಲು, ಆಮೇಲೆ 'ಭದ್ರಾ' ಅನ್ನು. ಭದ್ರಾ ನೀರು ಬರುವ ದಾರಿಯ ನಕ್ಷೆಯನ್ನು ಆ ಪದ ಹೇಳಿದ ಮೇಲೆ ಹಾಕು, ಮೊದಲೇ ಹಾಕಬೇಡ. ಮೊದಲೇ ಹಾಕಿದರೆ ಎಲ್ಲರೂ ನಕ್ಷೆ ಓದುತ್ತಾ ಕೂರುತ್ತಾರೆ, ನಿನ್ನ ವಾಕ್ಯ ಕೇಳುವುದಿಲ್ಲ.