‘ಹಿಂದಿಕ್ಕು’: ಟೈಮ್ ಟ್ರಯಲ್ ಸ್ಪರ್ಧೆಯಲ್ಲಿ ಯಾರು ಯಾರ ಹಿಂದೆ?

ಮಾನ್ಯರೇ,

ಸೈಕಲ್ ಸ್ಪರ್ಧೆಗಳನ್ನು ರಾತ್ರಿಯೆಲ್ಲ ಎದ್ದು ಕುಳಿತು ನೋಡುವ ನಾಲ್ಕೈದು ಮಂದಿ ಗೆಳೆಯರ ನಡುವೆ ‘ಹಿಂದಿಕ್ಕು’ ಎಂಬ ಒಂದು ಕ್ರಿಯಾಪದದ ಬಗ್ಗೆ ತಕರಾರು ಎದ್ದಿದೆ. ತಿಂಗಳುಗಳು ಉರುಳಿದರೂ ಅದು ಬಗೆಹರಿಯದಿರುವುದರಿಂದ ಬಲ್ಲವರ ಮುಂದೆ ಇಡುತ್ತಿದ್ದೇನೆ.

2025ರ ಸೆಪ್ಟೆಂಬರ್ 21ರಂದು ರುವಾಂಡಾದ ಕಿಗಾಲಿಯಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನ ಪುರುಷರ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರಾಗಿ ಹೊರಟು ಗಡಿಯಾರದ ಲೆಕ್ಕದಲ್ಲಿ ಗೆಲ್ಲುವ ಸ್ಪರ್ಧೆ, ನಡೆಯಿತು. ಆಫ್ರಿಕಾ ಖಂಡಕ್ಕೆ ಈ ಚಾಂಪಿಯನ್‌ಷಿಪ್ ಬಂದದ್ದು ಅದೇ ಮೊದಲು. 40.6 ಕಿಲೋಮೀಟರ್ ದೂರದ, ಏರುಗಳೇ ತುಂಬಿದ್ದ ಆ ಹಾದಿಯಲ್ಲಿ ಬೆಲ್ಜಿಯಂನ ರೆಮ್ಕೊ ಎವನಪೂಲ್ ಸತತ ಮೂರನೆಯ ವರ್ಷ ಚಿನ್ನ ಗೆದ್ದರು. ಆಸ್ಟ್ರೇಲಿಯಾದ ಜೇ ವೈನ್ 1 ನಿಮಿಷ 14 ಸೆಕೆಂಡು ಹೆಚ್ಚು ತೆಗೆದುಕೊಂಡು ಎರಡನೆಯವರಾದರು. ಆದರೆ ಅಂದು ಅಭಿಮಾನಿಗಳ ಬಾಯಲ್ಲಿ ಇದ್ದದ್ದು ಎರಡನೆಯವರ ಹೆಸರಲ್ಲ, ನಾಲ್ಕನೆಯವರದು. ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ಎವನಪೂಲ್ ಅವರಿಗಿಂತ ಎರಡೂವರೆ ನಿಮಿಷ ಮೊದಲು ಹೊರಟಿದ್ದರು. ಅಂಥವರನ್ನು ಕಿಮಿಹುರುರಾ ಎಂಬ ಕಲ್ಲುಹಾಸಿನ ಏರಿನಲ್ಲಿ ಎವನಪೂಲ್ ಹಿಂದಿನಿಂದ ಬಂದು ಹಿಡಿದು, ದಾಟಿ ಹೊರಟುಹೋದರು. ಈ ಕಾಲದ ಅತಿ ದೊಡ್ಡ ಸವಾರನೆಂದು ಎಲ್ಲರೂ ಒಪ್ಪಿದವನಿಗೆ ಹೀಗಾದುದನ್ನು ಕಂಡು ನಮ್ಮ ಗುಂಪಿನಲ್ಲಿ ಪೊಗಾಚಾರ್ ಪಕ್ಷದವರು ಮಾತು ನಿಲ್ಲಿಸಿದರು, ಎವನಪೂಲ್ ಪಕ್ಷದವರು ಮಾತು ನಿಲ್ಲಿಸಲೇ ಇಲ್ಲ. ಒಂದು ವಾರದ ಬಳಿಕ ಅದೇ ಊರಿನಲ್ಲಿ ನಡೆದ ರಸ್ತೆ ಸ್ಪರ್ಧೆಯನ್ನು ಪೊಗಾಚಾರ್ ಗೆದ್ದು, ಎವನಪೂಲ್ ಎರಡನೆಯವರಾದಾಗ ಈ ಪಾತ್ರಗಳು ಅದಲುಬದಲಾದವು. ಅದು ಬೇರೆ ಮಾತು.

ತಕರಾರಿನ ಮೂಲ ಇದು. ಆ ಸಂಜೆ ಒಬ್ಬರು ‘ಎವನಪೂಲ್ ಅವರು ಪೊಗಾಚಾರ್ ಅವರನ್ನು ಹಿಂದಿಕ್ಕಿದರು’ ಎಂದು ಬರೆದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ‘ವೈನ್ ಅವರನ್ನು 1 ನಿಮಿಷ 14 ಸೆಕೆಂಡುಗಳಿಂದ ಹಿಂದಿಕ್ಕಿದರು’ ಎಂದು ಬರೆದರು. ಪಂದ್ಯ ನೋಡದೆ ಬರೀ ಓದಿದ ಮೂರನೆಯವರು, ಎವನಪೂಲ್ ರಸ್ತೆಯ ಮೇಲೆ ಇಬ್ಬರನ್ನೂ ದಾಟಿದರೆಂದು ತಿಳಿದುಕೊಂಡರು. ಗೆಲ್ಲಲು ಎವನಪೂಲ್ ವೈನ್ ಅವರನ್ನು ದಾರಿಯಲ್ಲಿ ಎದುರುಗೊಳ್ಳಬೇಕಾಗಿಯೇ ಇರಲಿಲ್ಲ. ಹಾಗಿರುವಾಗ ಒಂದೇ ಕ್ರಿಯಾಪದವು ಇಷ್ಟು ಬೇರೆಯಾದ ಎರಡು ಸಂಗತಿಗಳಿಗೆ ಸಲ್ಲಬಹುದೇ ಎಂಬುದೇ ನನ್ನ ಮೊದಲ ಪ್ರಶ್ನೆ.

ಸ್ಪರ್ಧೆಯ ಬಗೆಯನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಸಾಮಾನ್ಯ ರಸ್ತೆ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಟು, ಮುಂದಿರುವವರ ಬೆನ್ನಿಗಂಟಿಕೊಂಡು ಗಾಳಿಯ ತಡೆಯನ್ನು ತಪ್ಪಿಸಿಕೊಳ್ಳುತ್ತಾ ಸಾಗುತ್ತಾರೆ. ಮೊದಲು ಗೆರೆ ಮುಟ್ಟಿದವರು ಗೆದ್ದಂತೆ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ನಿಮಿಷಗಳ ಅಂತರವಿಟ್ಟು ಕಳಿಸುತ್ತಾರೆ. ಪ್ರತಿಯೊಬ್ಬರೂ ಒಂಟಿಯಾಗಿಯೇ ಗಾಳಿಯನ್ನು ಸೀಳಬೇಕು. ಯಾರು ಮೊದಲು ಗೆರೆ ಮುಟ್ಟಿದರು ಎಂಬುದಕ್ಕೆ ಬೆಲೆಯಿಲ್ಲ, ಯಾರು ಕಡಿಮೆ ಹೊತ್ತು ತೆಗೆದುಕೊಂಡರು ಎಂಬುದಕ್ಕೆ ಮಾತ್ರ ಬೆಲೆ. ಹಿಂದಿನಿಂದ ಬಂದವರು ದಾಟುವಾಗ ಅಡ್ಡಲಾಗಿ 2 ಮೀಟರ್ ದೂರವಿರಬೇಕು, ದಾಟಿಸಿಕೊಂಡವರು ಆಮೇಲೆ 25 ಮೀಟರ್ ಹಿಂದೆಯೇ ಇರಬೇಕು ಎಂಬ ನಿಯಮವೂ ಇದೆ. ಒಬ್ಬರ ನೆರಳು ಇನ್ನೊಬ್ಬರಿಗೆ ಸಿಗಬಾರದೆಂಬುದೇ ಅದರ ಉದ್ದೇಶ.

‘ಹಿಂದಿಕ್ಕು’ ಎಂಬುದು ‘ಹಿಂದೆ’ ಮತ್ತು ‘ಇಕ್ಕು’ ಸೇರಿ ಆದ ಮಾತು. ‘ಇಕ್ಕು’ ಎಂದರೆ ಇಡು. ‘ಅನ್ನ ಇಕ್ಕು’ ಎನ್ನುವಾಗ ಹಳ್ಳಿಗಳಲ್ಲಿ ಈಗಲೂ ಕೇಳುವ ಪದವೇ. ಆದ್ದರಿಂದ ‘ಹಿಂದಿಕ್ಕಿದ’ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಇಬ್ಬರು, ಒಂದು ದಾರಿ, ಮತ್ತು ಆ ದಾರಿಯಲ್ಲಿ ಒಬ್ಬನನ್ನು ಬೆನ್ನ ಹಿಂದೆ ಬಿಟ್ಟ ಇನ್ನೊಬ್ಬ. ಪದದ ಒಳಗೇ ಒಂದು ಚಿತ್ರವಿದೆ. ಪರೀಕ್ಷೆಯ ಫಲಿತಾಂಶದಲ್ಲಿ ಒಂದು ಜಿಲ್ಲೆ ಮತ್ತೊಂದನ್ನು ಹಿಂದಿಕ್ಕಿತು ಎಂದು ಪತ್ರಿಕೆಗಳು ಬರೆಯುವಾಗ ಆ ಚಿತ್ರ ಸವೆದುಹೋಗಿರುವುದರಿಂದ ಯಾರಿಗೂ ತೊಡಕಾಗುವುದಿಲ್ಲ, ಏಕೆಂದರೆ ಜಿಲ್ಲೆಗಳು ಓಡುವುದಿಲ್ಲ. ಆದರೆ ಸೈಕಲ್ಲುಗಳು ಓಡುತ್ತವೆ. ನಿಜವಾದ ದಾರಿಯೂ ನಿಜವಾದ ಬೆನ್ನೂ ಇರುವ ಕಡೆ ಸವೆದ ಅರ್ಥವನ್ನು ತಂದರೆ ಓದುಗರಿಗೆ ಸವೆಯದ ಚಿತ್ರವೇ ಕಾಣುತ್ತದೆ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೊಂದು, ಹಲವು ದಿನಗಳ ವೇಳೆಯನ್ನು ಕೂಡಿ ಗೆದ್ದವರನ್ನು ಗೊತ್ತುಮಾಡುವ ಟೂರ್ ದ ಫ್ರಾನ್ಸ್ ಸ್ಪರ್ಧೆಯ 1989ರ ಕೊನೆಯ ದಿನದಲ್ಲಿದೆ. ಅಂದು ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್ ಇತ್ತು. ಫ್ರಾನ್ಸ್‌ನ ಲೊರಾಂ ಫಿನ್ಯೋ ಒಟ್ಟು ಲೆಕ್ಕದಲ್ಲಿ 50 ಸೆಕೆಂಡು ಮುಂದಿದ್ದರು, ಹಾಗಾಗಿ ಕೊನೆಯಲ್ಲಿ ಹೊರಟರು. ಅಮೆರಿಕದ ಗ್ರೆಗ್ ಲೆಮಾಂಡ್ ಫಿನ್ಯೋ ಅವರಿಗಿಂತ ಮೊದಲು ಹೊರಟು, ಮೊದಲೇ ಗೆರೆ ಮುಟ್ಟಿದರು. ಪ್ಯಾರಿಸ್‌ನ ಶಾಂಜೆಲಿಜೆ ರಸ್ತೆಯ ಇಕ್ಕೆಲಗಳಲ್ಲಿ ನಿಂತಿದ್ದ ಫ್ರೆಂಚ್ ಅಭಿಮಾನಿಗಳು ಫಿನ್ಯೋ ಅವರನ್ನು ಕೂಗಿ ಕರೆಯುತ್ತಿದ್ದಂತೆಯೇ ಗಡಿಯಾರ ಓಡಿತು, 50 ಸೆಕೆಂಡು ಕರಗಿತು, ಮತ್ತೂ 8 ಸೆಕೆಂಡು ಹೋಯಿತು. ಆ 8 ಸೆಕೆಂಡಿನಲ್ಲಿ ಲೆಮಾಂಡ್ ಟೂರ್ ಗೆದ್ದರು. ಇಲ್ಲಿ ಲೆಮಾಂಡ್ ಯಾರನ್ನೂ ದಾಟಿ ಫಿನ್ಯೋ ಅವರಿಗಿಂತ ಮುಂದೆ ಬಂದವರಲ್ಲ. ರಸ್ತೆಯಲ್ಲಿ ಅವರು ಮೊದಲಿನಿಂದಲೂ ಮುಂದೆಯೇ ಇದ್ದರು, ಪಟ್ಟಿಯಲ್ಲಿ ಮಾತ್ರ ಹಿಂದಿದ್ದರು. ‘ಲೆಮಾಂಡ್ ಫಿನ್ಯೋ ಅವರನ್ನು ಹಿಂದಿಕ್ಕಿದರು’ ಎಂದರೆ ಫಲಿತಾಂಶ ಸರಿ, ಕಣ್ಣಿಗೆ ಕಟ್ಟುವ ಚಿತ್ರ ಪೂರ್ತಿ ತಪ್ಪು. ಅಂದು ಅಲ್ಲಿ ನಿಂತಿದ್ದವರ ಸಂಕಟವೆಲ್ಲ ಇದ್ದದ್ದು ಸೋಲನ್ನು ಕಣ್ಣಾರೆ ಕಾಣಲಾಗದೆ ಗಡಿಯಾರದಲ್ಲಿ ಓದಬೇಕಾಗಿ ಬಂದದ್ದರಲ್ಲಿ. ಈ ಕ್ರಿಯಾಪದ ಅದನ್ನೇ ಅಳಿಸಿಹಾಕುತ್ತದೆ.

ತೊಡಕು ‘ಹಿಂದಿಕ್ಕು’ ಒಂದಕ್ಕೇ ನಿಲ್ಲುವುದಿಲ್ಲ. ಕನ್ನಡದ ‘ಮುಂದೆ’, ‘ಹಿಂದೆ’ ಎಂಬ ಪದಗಳು ಎಡೆಯನ್ನೂ ಹೊತ್ತನ್ನೂ ಒಟ್ಟಿಗೆ ಹೊತ್ತುಕೊಂಡಿರುವುದರಿಂದ ಈ ಸ್ಪರ್ಧೆಯ ವಿವರಣೆಯಲ್ಲಿ ಅವು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ‘ಮುಂದಿನ ಸವಾರ’ ಎಂದರೆ ಯಾರು? ರಸ್ತೆಯಲ್ಲಿ ಕಣ್ಣೆದುರಿಗೆ ಇರುವವರೋ, ಅಂದರೆ ಮೊದಲು ಹೊರಟವರೋ? ಅಥವಾ ‘ಮುಂದಿನ ಬಸ್ಸು’ ಎನ್ನುವ ಹಾಗೆ ಇನ್ನು ಹೊರಡಬೇಕಾದವರೋ, ಅಂದರೆ ರಸ್ತೆಯಲ್ಲಿ ಹಿಂದೆ ಇರುವವರೋ? ‘ಪೊಗಾಚಾರ್ ಎರಡೂವರೆ ನಿಮಿಷ ಮುಂದಿದ್ದಾರೆ’ ಎಂಬ ವಾಕ್ಯವನ್ನು ಹೊರಟ ಹೊತ್ತಿನ ಲೆಕ್ಕದಲ್ಲಿ ಓದಬಹುದು, ಫಲಿತಾಂಶದ ಲೆಕ್ಕದಲ್ಲಿಯೂ ಓದಬಹುದು. ಎರಡು ಓದುಗಳ ನಡುವೆ ಸೋಲು-ಗೆಲುವಿನಷ್ಟು ದೂರ. ಆ ದಿನ ನಮ್ಮಲ್ಲಿ ಒಬ್ಬರು ಇಂಥದೇ ಒಂದು ವಾಕ್ಯವನ್ನು ತಪ್ಪಾಗಿ ಓದಿಕೊಂಡು ಕಾಲು ಗಂಟೆ ಸಂಭ್ರಮಿಸಿದರು. ಅವರಿಗೆ ಯಾರೂ ನಿಜ ಹೇಳಲಿಲ್ಲ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ನನ್ನ ಮಟ್ಟಿಗೆ, ರಸ್ತೆಯ ಮಾತಿಗೆ ‘ಮೊದಲು ಹೊರಟವರು’, ‘ಆಮೇಲೆ ಹೊರಟವರು’ ಎಂದೇ ಬರೆದು, ‘ಮುನ್ನಡೆ’, ‘ಹಿನ್ನಡೆ’ ಎಂಬ ಪದಗಳನ್ನು ಗಡಿಯಾರದ ಲೆಕ್ಕಕ್ಕೆ ಮೀಸಲಿಟ್ಟರೆ ಗೊಂದಲ ಅರ್ಧ ಕಳೆಯುತ್ತದೆ. ಹಾಗೆಯೇ ದಾರಿಯಲ್ಲಿ ನಡೆದದ್ದಕ್ಕೆ ‘ಹಿಡಿದರು’, ‘ದಾಟಿದರು’ ಎಂಬ ಸರಳ ಪದಗಳೇ ಸಾಕು. ಅವು ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು: ಹಿಡಿಯುವುದೆಂದರೆ ಹೊರಟಾಗಿನ ಅಂತರವನ್ನು ಅಳಿಸಿ ಜೊತೆಗೂಡುವುದು, ದಾಟುವುದೆಂದರೆ ಬಿಟ್ಟು ಹೋಗುವುದು. ಹಿಡಿದ ಕ್ಷಣದಲ್ಲಿಯೇ ಎವನಪೂಲ್ ಪೊಗಾಚಾರ್ ಅವರಿಗಿಂತ ಎರಡೂವರೆ ನಿಮಿಷ ಮೇಲಾಗಿದ್ದರು. ದಾಟಿದ್ದರಿಂದ ಪಟ್ಟಿಯಲ್ಲಿ ಬದಲಾದದ್ದು ಕೆಲವೇ ಸೆಕೆಂಡು, ಅಭಿಮಾನಿಗಳ ಎದೆಯಲ್ಲಿ ಬದಲಾದದ್ದು ಬಹಳ. ಫಲಿತಾಂಶಕ್ಕೆ ‘ಮೀರಿಸಿದರು’ ಎನ್ನಬಹುದೆಂದು ನನಗೆ ತೋರಿತ್ತು. ಆದರೆ ಅಲ್ಲಿಯೂ ಒಂದು ಮುಳ್ಳಿದೆ. ‘ವೈನ್ ಅವರನ್ನು ಮೀರಿಸಿದರು’ ಎಂದರೆ ಗೆದ್ದರು. ‘ವೈನ್ ಅವರ ವೇಳೆಯನ್ನು ಮೀರಿದರು’ ಎಂದರೆ ಹೆಚ್ಚು ಹೊತ್ತು ತೆಗೆದುಕೊಂಡರು, ಅಂದರೆ ಸೋತರು. ‘ವೇಳೆ ಮೀರಿತು’ ಎಂದು ನಾವು ತಡವಾದಾಗ ತಾನೇ ಹೇಳುವುದು? ಒಂದು ‘ಇಸು’ ಪ್ರತ್ಯಯದ ಮೇಲೆ ಚಿನ್ನದ ಪದಕವೇ ನಿಂತುಬಿಡುವ ಪರಿಸ್ಥಿತಿ ಇದು.

ಕ್ರಿಕೆಟ್ ವರದಿಗಳಲ್ಲಿ ಬೇರೂರಿರುವ ‘ಗುರಿ ಬೆನ್ನಟ್ಟು’ ಎಂಬ ಮಾತನ್ನು ಇಲ್ಲಿಗೆ ತರಬಹುದೆಂದು ಒಬ್ಬರು ಸೂಚಿಸಿದರು. ಸೂಚನೆ ಒಳ್ಳೆಯದೇ: ಎದುರಾಳಿ ಆಗಲೇ ಆಡಿ ಮುಗಿಸಿ ಕುಳಿತಿದ್ದಾನೆ, ಉಳಿದಿರುವುದು ಅವನು ಬಿಟ್ಟುಹೋದ ಅಂಕಿ ಮಾತ್ರ. ಆದರೆ ಕ್ರಿಕೆಟ್‌ನಲ್ಲಿ ಆ ಅಂಕಿಯನ್ನು ದಾಟಿದರೆ ಗೆಲುವು, ಇಲ್ಲಿ ದಾಟಿದರೆ ಸೋಲು. ಅಲ್ಲದೆ ‘ಬೆನ್ನಟ್ಟು’ ಎಂದರೆ ಬೆನ್ನ ಹಿಂದಿನಿಂದ ಅಟ್ಟುವುದು, ಪತ್ರಿಕೆಗಳು ಅದೇ ಅರ್ಥದಲ್ಲಿ ಬಳಸುವ ‘ಬೆನ್ನತ್ತು’ ಎಂದರೆ ಬೆನ್ನು ಹತ್ತಿ ಹೋಗುವುದು. ಇವೆರಡನ್ನೂ ಒಂದೇ ಎಂದು ಬಗೆಯಬಹುದೇ ಎಂಬುದನ್ನೂ ಬಲ್ಲವರು ತಿಳಿಸಬೇಕು. ಕಿಗಾಲಿಯಲ್ಲಿ ಎವನಪೂಲ್ ಪೊಗಾಚಾರ್ ಅವರ ಬೆನ್ನು ಹತ್ತಿದರು, ವೈನ್ ಅವರ ವೇಳೆಯ ಬೆನ್ನು ಹತ್ತಿದರು ಎಂದು ಬರೆದರೆ ನನ್ನ ಕಿವಿಗೆ ಮೊದಲನೆಯದು ಸರಿ, ಎರಡನೆಯದು ಒಗ್ಗದು.

ಸ್ಪರ್ಧೆಯ ಹೆಸರಿನ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ಫ್ರೆಂಚರು ‘ಗಡಿಯಾರಕ್ಕೆ ಎದುರಾಗಿ’ ಎನ್ನುತ್ತಾರೆ, ಜರ್ಮನ್ನರು ‘ಹೊತ್ತಿನ ಸವಾರಿ’ ಎನ್ನುತ್ತಾರೆ, ಇಟಲಿಯವರು ಗಡಿಯಾರದ ಹೆಸರನ್ನೇ ಸ್ಪರ್ಧೆಗೂ ಇಟ್ಟಿದ್ದಾರೆ. ನಾವು ‘ಸಮಯ ಪರೀಕ್ಷೆ’ ಎಂದರೆ ಶಾಲೆಯ ಗಂಟೆ ಬಾರಿಸಿದಂತಾಗುತ್ತದೆ. ‘ಟೈಮ್ ಟ್ರಯಲ್’ ಎಂಬುದು ಹೇಗೂ ಬಳಕೆಯಲ್ಲಿದೆ, ಇರಲಿ. ಅತಿ ಕಡಿಮೆ ವೇಳೆ ತೆಗೆದುಕೊಂಡು ಮುಗಿಸಿದ ಸವಾರರು ಉಳಿದವರ ಫಲಿತಾಂಶಕ್ಕಾಗಿ ಕಾಯುತ್ತಾ ಕೂರುವ ಆಸನಕ್ಕೆ, ‘ಹಾಟ್ ಸೀಟ್’ ಎಂಬ ಹೆಸರಿದೆ, ದೂರದರ್ಶನದ ರಸಪ್ರಶ್ನೆಗಳಿಂದ ಅದು ಎಲ್ಲರಿಗೂ ಗೊತ್ತು. ಅದನ್ನು ‘ಬಿಸಿ ಕುರ್ಚಿ’ ಮಾಡುವ ಉತ್ಸಾಹ ಯಾರಿಗೂ ಬಾರದಿರಲಿ. ‘ಅತಿ ವೇಗದ ಸಮಯ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ವೇಗ ಸವಾರನದು, ಸಮಯದ್ದಲ್ಲ.

ಇನ್ನೊಂದು ಪದ ‘ಕೈಕೊಡು’, ಇದು ಅಭಿಮಾನಿಗಳಿಗೇ ಸಂಬಂಧಿಸಿದ್ದು. ಟೂರ್‌ನಂತೆಯೇ ಹಲವು ದಿನ ನಡೆಯುವ ಇಟಲಿಯ ಸ್ಪರ್ಧೆ ಜಿರೊ ದಿ ಇಟಾಲಿಯಾದಲ್ಲಿ, 2023ರಲ್ಲಿ, ಕೊನೆಯ ದಿನದ ಹಿಂದಿನ ದಿನ ಮೊಂಟೆ ಲುಸ್ಸಾರಿ ಬೆಟ್ಟಕ್ಕೆ 18.6 ಕಿಲೋಮೀಟರ್ ಟೈಮ್ ಟ್ರಯಲ್ ಇತ್ತು. ಆ ಬೆಟ್ಟ ಸ್ಲೊವೇನಿಯಾದ ಗಡಿಗೆ ಹತ್ತಿರವಿರುವುದರಿಂದ ಪ್ರಿಮೋಜ್ ರೋಗ್ಲಿಚ್ ಅವರ ನಾಡಿನವರು ದಂಡುದಂಡಾಗಿ ಬಂದು ಇಕ್ಕೆಲಗಳಲ್ಲಿ ನೆರೆದಿದ್ದರು. ಬ್ರಿಟನ್ನಿನ ಗೆರೈಂಟ್ ಥಾಮಸ್ ಅವರಿಗಿಂತ ಒಟ್ಟು ಲೆಕ್ಕದಲ್ಲಿ 26 ಸೆಕೆಂಡು ಹಿಂದಿದ್ದ ರೋಗ್ಲಿಚ್ ಅವರ ಸೈಕಲ್ಲಿನ ಚೈನು ಕಡಿದಾದ ಏರಿನ ನಡುವೆ ಕಳಚಿತು. ಅವರು ಇಳಿದು, ಅದನ್ನು ಕೂರಿಸಿ, ಮತ್ತೆ ಹತ್ತುವಾಗ ದಾರಿಬದಿಯಲ್ಲಿದ್ದ ಒಬ್ಬರು ಓಡಿಬಂದು ಬೆನ್ನಿಗೆ ಕೈಯಿಟ್ಟು ತಳ್ಳಿದರು. ತಳ್ಳಿದವರು, ಹಿಂದೊಮ್ಮೆ ರೋಗ್ಲಿಚ್ ಸ್ಕೀ ಜಿಗಿತದ ಪಟುವಾಗಿದ್ದಾಗ ಅವರ ತಂಡದಲ್ಲಿಯೇ ಇದ್ದ ಜೊತೆಗಾರ ಎಂದು ಆಮೇಲೆ ತಿಳಿಯಿತು. ರೋಗ್ಲಿಚ್ ಆ ದಿನವನ್ನು 40 ಸೆಕೆಂಡುಗಳಿಂದ, ಇಡೀ ಜಿರೊವನ್ನು 14 ಸೆಕೆಂಡುಗಳಿಂದ ಗೆದ್ದರು. ಇದನ್ನು ಬರೆಯಹೊರಟ ಗೆಳೆಯರೊಬ್ಬರು ‘ಕಷ್ಟದ ಹೊತ್ತಿನಲ್ಲಿ ಅಭಿಮಾನಿ ಕೈಕೊಟ್ಟರು’ ಎಂದು ಬರೆದುಬಿಟ್ಟರು. ಕೈಕೊಟ್ಟದ್ದು ಚೈನು, ಅಭಿಮಾನಿ ಮಾಡಿದ್ದು ಅದಕ್ಕೆ ತೀರ ವಿರುದ್ಧ. ‘ಕೈಗೊಡು’ ಎಂದು ಬರೆದರೆ ನೆರವಿನ ಅರ್ಥ ಬಂದೀತು, ‘ಕೈಕೊಡು’ ಎಂದರೆ ಮೋಸದ ಅರ್ಥ ಎಂದು ಅವರು ಸಮರ್ಥಿಸಿಕೊಂಡರು. ಒಂದು ಸಂಧಿಯಾದರೆ ಉಪಕಾರ, ಆಗದಿದ್ದರೆ ದ್ರೋಹ ಎಂಬ ಈ ವಾದಕ್ಕೆ ಬಳಕೆಯ ಆಧಾರವಿದೆಯೇ? ‘ಹುರಿ’ಗೆ ‘ತುಂಬಿಸು’ ಸೇರಿ ‘ಹುರಿದುಂಬಿಸು’ ಆದಾಗ ಹೀಗೆ ಅರ್ಥ ಒಡೆದದ್ದಿಲ್ಲ, ಆದ್ದರಿಂದ ನನಗೆ ಅನುಮಾನ.

ಕೊನೆಯದಾಗಿ, ನನ್ನ ಮುಖ್ಯ ಕೋರಿಕೆ. ಎದುರಾಳಿಯನ್ನು ಕಣ್ಣಿನಿಂದ ಕಾಣದೆ ಅಳತೆಯಿಂದಲೇ ಗೆಲ್ಲುವ ಸ್ಪರ್ಧೆಗಳು ನಮ್ಮ ನಾಡಿಗೆ ಹೊಸವಲ್ಲ. ಉತ್ತರ ಕರ್ನಾಟಕದ ತೆರಬಂಡಿ ಸ್ಪರ್ಧೆಯಲ್ಲಿ ಒಂದೊಂದೇ ಜೋಡಿ ಎತ್ತುಗಳು ಗೊತ್ತುಪಡಿಸಿದ ಹೊತ್ತಿನೊಳಗೆ ಬಂಡಿಯನ್ನು ಎಷ್ಟು ದೂರ ಎಳೆದವೆಂದು ಅಡಿಗಳಲ್ಲಿ ಅಳೆಯುತ್ತಾರೆ. ಕರಾವಳಿಯ ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣಗಳು ಪಕ್ಕದ ಜೋಡಿಯನ್ನು ದಾಟುವುದು ಮುಖ್ಯವಲ್ಲ, ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಇಂಥ ಕಡೆ ನೆರೆದ ಜನ, ಬೆಳಿಗ್ಗೆಯೇ ಎಳೆದು ಹೋದ ಒಂದು ಜೋಡಿಯ ಅಳತೆಯನ್ನು ಸಂಜೆ ಇನ್ನೊಂದು ಜೋಡಿ ಮೀರಿದಾಗ ಏನೆಂದು ಕೂಗುತ್ತಾರೆ? ‘ಹೊಡೆಯಿತು’ ಎನ್ನುತ್ತಾರೆಯೇ, ‘ಮುರಿಯಿತು’ ಎನ್ನುತ್ತಾರೆಯೇ, ಬೇರೇನಾದರೂ ಇದೆಯೇ? ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ತೆರಬಂಡಿಯೂ ಗೊತ್ತು, ಆ ಸೀಮೆಯಿಂದ ದೇಶಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳೂ ಗೊತ್ತು. ಟೈಮ್ ಟ್ರಯಲ್ ಮುಗಿಸಿ ಬಂದ ಹುಡುಗರು ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುವಾಗ ದಾರಿಯಲ್ಲಿ ಸಿಕ್ಕವನನ್ನು ದಾಟಿದ್ದಕ್ಕೂ, ಸಿಗದವನನ್ನು ಗೆದ್ದದ್ದಕ್ಕೂ ಬೇರೆ ಬೇರೆ ಕ್ರಿಯಾಪದ ಬಳಸುವುದನ್ನು ಕೇಳಿದವರಿದ್ದರೆ, ಆ ಮಾತನ್ನು ಕೇಳಿದ ಹಾಗೆಯೇ, ಗ್ರಾಂಥಿಕಕ್ಕೆ ತಿದ್ದದೆ, ಬರೆದು ತಿಳಿಸಬೇಕೆಂದು ಕೋರುತ್ತೇನೆ.