ರೈತ ಸಂತೆಗೆ ಯಾವ ತರಕಾರಿ? ತೋಟಗಾರಿಕೆ ತಜ್ಞೆಯನ್ನು ಕೇಳಿ

ಹೊಸಬ: ಮೇಡಂ, ಮನೆ ಹಿಂದೆ ನಾಲ್ಕು ಮಡಿ ಮಾಡಿದ್ದೇನೆ. ವಾರದ ಸಂತೆಗೆ ಏನು ಬೆಳೆದರೆ ಲಾಭ?

ತಜ್ಞೆ: ಕೆ.ಜಿ. ದರ ಒಂದನ್ನೇ ನೋಡಬೇಡಿ. ಬೆಳೆ ಮಡಿಯಲ್ಲಿ ಎಷ್ಟು ದಿನ ಕೂರುತ್ತದೆ ಅಂತ ಲೆಕ್ಕ ಹಾಕಿ. ಮೂಲಂಗಿ, ದಂಟಿನ ಸೊಪ್ಪು 25–30 ದಿನಕ್ಕೆ ಕೈಗೆ ಬರುತ್ತವೆ. ಕುಂಬಳಕ್ಕೆ ಮೂರು ತಿಂಗಳಾದರೂ ಬೇಕು, ಬಳ್ಳಿ ಜಾಗವನ್ನೆಲ್ಲ ನುಂಗುತ್ತದೆ. ಬೀಜ ಒಟ್ಟಿಗೇ ಬಿತ್ತದೆ ವಾರಕ್ಕೊಂದು ಸಾಲು ಬಿತ್ತಿ.

ಹಿತ್ತಲಿನವರು: ನನ್ನ ಟೊಮೆಟೊ ಗಿಡಗಳು ಹಸಿರಾಗಿದ್ದ ಹಾಗೇ ಎರಡು ದಿನದಲ್ಲಿ ಬಾಡಿದವು. ನೀರು ಸಾಕಷ್ಟಿದೆ. ಕಿತ್ತು ಅಲ್ಲೇ ಬದನೆ, ದಪ್ಪ ಮೆಣಸಿನಕಾಯಿ ಹಾಕಲಾ? ಒಳ್ಳೆ ದರ ಇದೆ.

ತಜ್ಞೆ: ಸದ್ಯ ಹಾಕಬೇಡಿ. ಎಲೆ ಹಳದಿಯಾಗದೆ ಗಿಡ ಹೀಗೆ ಬಾಡಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ಇರಬಹುದು. ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ ರೋಗ. ಇದಕ್ಕೆ ಔಷಧ ಇಲ್ಲ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು, ಎಲ್ಲಕ್ಕೂ ತಗಲುತ್ತದೆ. ಗಿಡವನ್ನು ಬೇರುಸಮೇತ ಕೀಳಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಕೆಲವು ವರ್ಷ ಜೋಳ, ಈರುಳ್ಳಿಯಂಥವು ಇರಲಿ. ಲೋಟದಲ್ಲಿ ಏನು ಕಂಡಿತು ಅಂತ ತಿಳಿಸಿ, ಕಾಯುತ್ತಿರುತ್ತೇನೆ.

ಬೀನ್ಸ್ ಬಳ್ಳಿ: ಬುಡಕ್ಕೆ ಉಪ್ಪು, ಅಡುಗೆ ಸೋಡಾ ಹಾಕಿದರೆ ಬಾಡಿದ ಗಿಡ ಏಳುತ್ತದಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು.

ತಜ್ಞೆ: ಏಳುವುದಿಲ್ಲ. ಉಪ್ಪಿನಿಂದ ಮಣ್ಣೂ ಕೆಡುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ, ನಂಬಿ ಮಾಡುವವರಿದ್ದಾರೆ.

ಹೊಸ ಸದಸ್ಯ: ಯಾವ ತರಕಾರಿಯಲ್ಲಿ ಲಾಭ ಜಾಸ್ತಿ ಮೇಡಂ?

ತಜ್ಞೆ: ಮೇಲೆ ಓದಿ.

ಸೊಪ್ಪಿನಕ್ಕ: ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ದು ಒದ್ದೆ ಗೋಣಿ ಹೊದಿಸುತ್ತೇನೆ. ಆದರೂ ಉಳಿದರೆ ಸಂಜೆ ಅರ್ಧ ದರಕ್ಕೆ ಕೊಡುತ್ತೇನೆ.

ಬೀನ್ಸ್ ಬಳ್ಳಿ: ಅದರಿಂದಲೇ ನಮಗೆ ತೊಂದರೆ. ಗಿರಾಕಿಗಳು ಸಂಜೆವರೆಗೆ ಕಾಯುತ್ತಾರೆ.

ಸೊಪ್ಪಿನಕ್ಕ: ಬಾಡಿದ ಸೊಪ್ಪನ್ನು ಮನೆಗೆ ಹೊತ್ತುಕೊಂಡು ಹೋಗಬೇಕಾ? ಬೀನ್ಸ್ ಎರಡು ದಿನ ಇರುತ್ತದೆ, ನಿಮಗೇನು.

ಬೀನ್ಸ್ ಬಳ್ಳಿ: ಕಡಿಮೆ ಕೊಯ್ದು ತನ್ನಿ. ಪಕ್ಕದವರ ವ್ಯಾಪಾರ ಯಾಕೆ ಹಾಳು ಮಾಡುತ್ತೀರಿ?

ಸೊಪ್ಪಿನಕ್ಕ: ನನ್ನ ಸೊಪ್ಪಿನ ದರ ನೀವು ಹೇಳಬೇಡಿ.

ಹೊಸಬ: ಮೈಕ್ರೋಗ್ರೀನ್ಸ್, ಅಂದರೆ ಎಳೆ ಸಸಿಯಲ್ಲೇ ಕೊಯ್ಯುವ ಸೊಪ್ಪು, ಸಂತೆಯಲ್ಲಿ ಹೋಗುತ್ತವಾ ಮೇಡಂ?

ಇನ್ನೊಬ್ಬರು: ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ. ಇದೂ ಅದೇ ರೋಗವಾ?

ತಜ್ಞೆ: ಅಲ್ಲ. ಒಂದು ದಿನ ಒಣಗಿಸಿ ಮರುದಿನ ನೀರು ತುಂಬಿಸಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪುವುದಿಲ್ಲ. ನೀರು ಒಂದೇ ಸಮ ಕೊಡಿ. ದರದ ಜಗಳ ಬೇರೆ ಕಡೆ ಮಾಡಿಕೊಳ್ಳಿ, ಸಾಕು. ಹಿತ್ತಲಿನವರೇ, ನೋಡಿದಿರಾ?

ಹಿತ್ತಲಿನವರು: ನೋಡಿದೆ ಮೇಡಂ. ಬಿಳಿ ಎಳೆ ಇಳಿಯಿತು. ಪಕ್ಕದ ಮಡಿಯ ಟೊಮೆಟೊ ಇನ್ನೂ ಚೆನ್ನಾಗಿದೆ.

ತಜ್ಞೆ: ಆ ಮಡಿಯ ನೀರು ಪಕ್ಕಕ್ಕೆ ಹರಿಯದಂತೆ ಈಗಲೇ ಕಾಲುವೆ ಕಟ್ಟಿ. ಗುದ್ದಲಿ, ಚಪ್ಪಲಿ ತೊಳೆಯದೆ ಅಲ್ಲಿಂದ ಇಲ್ಲಿಗೆ ಬರಬೇಡಿ. ನಾಳೆ ಫೋಟೋ ಹಾಕಿ.